ಕುಲುಮೆಗಳು ಮತ್ತೆ ಕೋಕ್‌ಗೆ ಮರಳದಿರಲಿ: ಶಾಸಕರಿಗೊಂದು ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆ ಹಾಗೂ ವಿಧಾನ ಪರಿಷತ್ತಿನ ಮಾನ್ಯ ಸದಸ್ಯರಿಗೆ,



ಚಳಿಗಾಲದ ಅಧಿವೇಶನಕ್ಕೆಂದು ತಾವು ಬೆಳಗಾವಿಗೆ ಬರುತ್ತೀರಿ. ಸುವರ್ಣ ವಿಧಾನಸೌಧದಲ್ಲಿ ಕಬ್ಬಿನ ಬಾಕಿ, ಮಹದಾಯಿ ನೀರು, ಗಡಿ, ನೇಮಕಾತಿ ಎಲ್ಲ ಚರ್ಚೆಗೆ ಬರುತ್ತವೆ. ಬರಬೇಕಾದವೇ. ಅದೇ ಊರಿನ ಉದ್ಯಮಬಾಗ, ಮಚ್ಛೆ, ಹೊನಗಾ ಕೈಗಾರಿಕಾ ಪ್ರದೇಶಗಳಲ್ಲಿ ಹಗಲಿರುಳು ಕಬ್ಬಿಣ ಕರಗುತ್ತಿರುತ್ತದೆ. ಪಂಪ್‌ಸೆಟ್ಟಿನ ಹೊರಕವಚ, ಟ್ರ್ಯಾಕ್ಟರಿನ ಬಿಡಿಭಾಗ, ಲಾರಿಯ ಬ್ರೇಕ್ ಡ್ರಮ್ಮು ಅಲ್ಲಿ ಎರಕವಾಗಿ ಹೊರಬರುತ್ತವೆ. ಆ ಕುಲುಮೆಗಳ ವಿದ್ಯುತ್ ಬಿಲ್ಲಿನ ಮಾತು ಸದನದಲ್ಲಿ ಅಪರೂಪ. ಆ ಮಾತನ್ನು ತಮ್ಮ ಮುಂದಿಡಲೆಂದೇ ಈ ಪತ್ರ.

ನಾನು ಕಾರ್ಖಾನೆಯ ಮಾಲೀಕನಲ್ಲ, ಉದ್ಯಮಿಗಳ ಸಂಘದ ಪದಾಧಿಕಾರಿಯೂ ಅಲ್ಲ. ಮೆಲ್ಟಿಂಗ್ ವಿಭಾಗದಲ್ಲಿ ಸಂಬಳಕ್ಕೆ ದುಡಿದು ನಿವೃತ್ತನಾದವನು. ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕಲ್ಲಿದ್ದಲನ್ನು ಬಿಟ್ಟು ವಿದ್ಯುತ್ತಿಗೆ ಬಂದಿರುವ, ಬರಬೇಕೆಂದಿರುವ ಭಾರೀ ಉದ್ಯಮಗಳಿಗೆ ವಿದ್ಯುತ್ ದರದಲ್ಲಿ ರಿಯಾಯಿತಿ ಕೊಡಿ. ಆದರೆ ಅದಕ್ಕೆ ಷರತ್ತಿರಲಿ, ಮುಗಿಯುವ ದಿನಾಂಕವಿರಲಿ, ಮತ್ತು ಅದರ ಖರ್ಚು ಬಡವರ ಬಿಲ್ಲಿನ ಯಾವುದೋ ಸಾಲಿನಲ್ಲಿ ಅಡಗಿ ಕೂರದಿರಲಿ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕಡೆ ಕ್ಯೂಪೋಲಾಗಳೇ ಹೆಚ್ಚು. ಎತ್ತರದ ಉಕ್ಕಿನ ಗೂಡು. ಮೇಲಿನಿಂದ ಕೋಕ್, ಪಿಗ್ ಐರನ್, ಸುಣ್ಣದ ಕಲ್ಲು ಸುರಿಯುವುದು, ಕೆಳಗಿನಿಂದ ಗಾಳಿ ಊದುವುದು. ಒಂದು ಟನ್ ಕಬ್ಬಿಣಕ್ಕೆ ನೂರರಿಂದ ನೂರೈವತ್ತು ಕಿಲೋ ಕೋಕ್ ಉರಿಯುತ್ತಿತ್ತು. ಗೂಡು ಹೊತ್ತಿಸಿದ ದಿನ ಸುತ್ತಲಿನ ಮನೆಗಳಲ್ಲಿ ಬಟ್ಟೆ ಒಣಗಹಾಕುತ್ತಿರಲಿಲ್ಲ. ಮೇಲೆ ನಿಂತು ಚಾರ್ಜ್ ಹಾಕುತ್ತಿದ್ದ ಖಾನಾಪುರ, ಹುಕ್ಕೇರಿ ಕಡೆಯ ಹುಡುಗರು ಮಧ್ಯವಯಸ್ಸಿಗೇ ಕೆಮ್ಮು ಹಿಡಿದು ಕೂತದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಇಂಡಕ್ಷನ್ ಫರ್ನೇಸ್ ಬಂತು. ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹರಿದು, ಒಳಗಿನ ಸ್ಕ್ರ್ಯಾಪ್ ತಾನೇ ಕಾದು ಕರಗುವ ಕುಲುಮೆ. ಹೊಗೆ ಬಹುಪಾಲು ಹೋಯಿತು, ಲೋಹದ ಗುಣಮಟ್ಟ ಕೈಗೆ ಸಿಕ್ಕಿತು, ಉಷ್ಣತೆಯನ್ನು ಬೇಕಾದಲ್ಲಿಗೆ ನಿಲ್ಲಿಸುವುದು ಸಾಧ್ಯವಾಯಿತು. ಬ್ಯಾಂಕಿನ ಸಾಲ ಮಾಡಿ ಆ ಕುಲುಮೆ ತಂದ ಸಣ್ಣ ಮಾಲೀಕರು ಆಗ ಪರಿಸರದ ಭಾಷಣ ಕೇಳಿದವರಲ್ಲ. ಕೆಲಸ ಚೆನ್ನಾಗಿ ಆಗುತ್ತದೆ ಎಂದು ತಂದರು. ಇವತ್ತು ಜಗತ್ತು ಯಾವುದನ್ನು ಇಂಧನ ಪರಿವರ್ತನೆ ಎಂದು ಕರೆಯುತ್ತಿದೆಯೋ ಅದರ ಒಂದು ಹೆಜ್ಜೆಯನ್ನು ಅವರು ಆಗಲೇ ಇಟ್ಟಿದ್ದರು.

ಆ ಹೆಜ್ಜೆಗೆ ತೆರುವ ಬೆಲೆ ಬಿಲ್ಲಿನಲ್ಲಿದೆ. ಒಂದು ಟನ್ ಕಬ್ಬಿಣ ಕರಗಿಸಲು ಇಂಡಕ್ಷನ್ ಕುಲುಮೆಗೆ ಸುಮಾರು 550ರಿಂದ 700 ಯೂನಿಟ್ ಬೇಕು. ಕುಲುಮೆ ಹಳೆಯದಾದಷ್ಟೂ ಹೆಚ್ಚು. ದಿನಕ್ಕೆ 10 ಟನ್ ಕರಗಿಸುವ ಮಧ್ಯಮ ಗಾತ್ರದ ಫೌಂಡ್ರಿ 6,500 ಯೂನಿಟ್ ಬಳಸುತ್ತದೆ ಎನ್ನೋಣ. ಯೂನಿಟ್‌ಗೆ ಒಂದು ರೂಪಾಯಿ ಏರಿದರೆ ತಿಂಗಳ 25 ದಿನಕ್ಕೆ 1,62,500 ರೂಪಾಯಿ ಹೆಚ್ಚುವರಿ ಹೊರೆ. ಅಂಥ ಫೌಂಡ್ರಿಯಲ್ಲಿ ಅಷ್ಟು ಹಣ ಹಲವು ಕೆಲಸಗಾರರ ತಿಂಗಳ ಪಗಾರ. ಅದರ ಮೇಲೆ ಕೆವಿಎ ಲೆಕ್ಕದ ಡಿಮಾಂಡ್ ಚಾರ್ಜ್ ಬೇರೆ. ಆರ್ಡರ್ ಇಲ್ಲದೆ ಕುಲುಮೆ ತಣ್ಣಗಿದ್ದ ತಿಂಗಳಲ್ಲೂ ಅದನ್ನು ಕಟ್ಟಲೇಬೇಕು.

ದರ ಏರಿದರೆ ಉದ್ಯಮಗಳು ಹೇಗೋ ಹೊಂದಿಕೊಳ್ಳುತ್ತವೆ ಎಂದು ತಮಗೆ ಅಧಿಕಾರಿಗಳು ಹೇಳಬಹುದು. ಹೇಗೆ ಹೊಂದಿಕೊಂಡವು ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಎರಡು ನಿದರ್ಶನಗಳಿವೆ.

ಮೊದಲನೆಯದು ಭದ್ರಾವತಿ. 1923ರಲ್ಲಿ ಅಲ್ಲಿನ ಸರ್ಕಾರಿ ಕಾರ್ಖಾನೆಯಲ್ಲಿ ಕಬ್ಬಿಣ ಹರಿದಾಗ ಕುಲುಮೆಗೆ ಹಾಕುತ್ತಿದ್ದದ್ದು ಮಲೆನಾಡಿನ ಕಾಡಿನ ಇದ್ದಿಲು. ಕಾಡು ತೆಳುವಾಗುತ್ತ ಬಂತು, ಇದ್ದಿಲು ದೂರವಾಯಿತು. ಅಷ್ಟರಲ್ಲಿ 1948ರಲ್ಲಿ ಜೋಗದಲ್ಲಿ ಶರಾವತಿಯ ವಿದ್ಯುತ್ ಹುಟ್ಟಿತು. 1950ರ ದಶಕದಲ್ಲಿ ಭದ್ರಾವತಿ ಒಂದು ದೊಡ್ಡ ಸಾಹಸ ಮಾಡಿತು: ಅದಿರಿನಿಂದ ಕಬ್ಬಿಣ ತೆಗೆಯಲು ವಿದ್ಯುತ್ ಕುಲುಮೆಗಳನ್ನು ನಿಲ್ಲಿಸಿತು. ಜಲವಿದ್ಯುತ್ತಿನಿಂದ ಕಬ್ಬಿಣ! ಇವತ್ತು ಸ್ವೀಡನ್ನಿನವರೂ ಜರ್ಮನಿಯವರೂ ಹಸಿರು ಉಕ್ಕು ಎಂದು ಸಾವಿರಾರು ಕೋಟಿ ಸುರಿದು ಹುಡುಕುತ್ತಿರುವ ದಾರಿಯ ಆರಂಭದ ಮೈಲಿಗಲ್ಲೊಂದು ಶಿವಮೊಗ್ಗ ಜಿಲ್ಲೆಯಲ್ಲಿ, ನಮ್ಮದೇ ಸರ್ಕಾರದ ಕಾರ್ಖಾನೆಯಲ್ಲಿ ನಿಂತಿತ್ತು. ಆಮೇಲೆ ರಾಜ್ಯದಲ್ಲಿ ವಿದ್ಯುತ್ ಅಭಾವ ಬಂತು, ಕಡಿತ ಬಂತು, ದರ ಏರಿತು. ಆ ಕುಲುಮೆಗಳು ಆರಿದವು. ಕೊನೆಗೆ ಅವುಗಳ ಜಾಗಕ್ಕೆ ಬಂದದ್ದು ಕೋಕ್ ಉರಿಸುವ ಬ್ಲಾಸ್ಟ್ ಫರ್ನೇಸ್. ಮುಂದಕ್ಕೆ ಇಟ್ಟ ಹೆಜ್ಜೆಯನ್ನು ವಿದ್ಯುತ್ತಿನ ಅಭಾವವೂ ಬೆಲೆಯೂ ಸೇರಿ ಹಿಂದಕ್ಕೆ ಎಳೆದವು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಎಂದು ಹೆಸರಾದ ಆ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ತಮ್ಮಲ್ಲಿ ಹಲವರು ಭದ್ರಾವತಿಯ ಕಾರ್ಮಿಕರ ಪರವಾಗಿ ದನಿ ಎತ್ತಿದಿರಿ. ಆ ಕಾರ್ಖಾನೆ ಬಡವಾದ ಕಾರಣಗಳು ಹಲವು. ಸ್ವಂತ ಗಣಿ ಇಲ್ಲದ್ದು, ಹಳೆಯ ಯಂತ್ರ, ಬಂಡವಾಳ ಹಾಕದ್ದು. ಆದರೆ ಜೋಗದ ಬುಡದಲ್ಲಿದ್ದೂ ಜೋಗದ ವಿದ್ಯುತ್ತನ್ನು ಕೈಗೆಟಕುವ ದರದಲ್ಲಿ ಉಳಿಸಿಕೊಳ್ಳಲಾಗದ ಸಂಗತಿಯನ್ನು ಆ ಪಟ್ಟಿಯಿಂದ ಬಿಡಬಾರದು.

ಎರಡನೆಯದು ನಮ್ಮ ಬೆಳಗಾವಿಯದೇ. 1970ರ ಸುಮಾರಿಗೆ ಇಲ್ಲಿ ಇಂಡಾಲ್ ಕಂಪನಿ ಅಲ್ಯೂಮಿನಿಯಂ ಸ್ಮೆಲ್ಟರ್ ನಡೆಸತೊಡಗಿತು. ಅಲ್ಯೂಮಿನಿಯಂ ಎಂದರೆ ಗಟ್ಟಿ ರೂಪದಲ್ಲಿರುವ ವಿದ್ಯುತ್ತೇ. ಒಂದು ಟನ್ನಿಗೆ 13ರಿಂದ 15 ಸಾವಿರ ಯೂನಿಟ್ ಬೇಕು. ರಾಜ್ಯದ ವಿದ್ಯುತ್ ಜಾಲವನ್ನೇ ನಂಬಿದ್ದ ಆ ಸ್ಮೆಲ್ಟರ್ ಕೊರತೆಗೂ ದರಕ್ಕೂ ಸಿಕ್ಕಿ ನಿಂತಿತು. ಇವತ್ತು ಅಲ್ಲಿ ಬಾಕ್ಸೈಟಿನಿಂದ ಅಲ್ಯೂಮಿನಾ ಪುಡಿ ಆಗುತ್ತದೆ, ಲೋಹ ಆಗುವುದಿಲ್ಲ. ದೇಶ ಅಲ್ಯೂಮಿನಿಯಂ ಬಳಸುವುದನ್ನು ಬಿಟ್ಟಿತೇ? ಇಲ್ಲ. ಒಡಿಶಾ, ಛತ್ತೀಸಗಡ, ಉತ್ತರ ಪ್ರದೇಶಗಳಲ್ಲಿ, ಸ್ವಂತ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪಕ್ಕದಲ್ಲಿ ಅದು ತಯಾರಾಗುತ್ತಿದೆ. ನದಿ ನೀರಿನ ವಿದ್ಯುತ್ತಿನ ರಾಜ್ಯದಿಂದ ಕಲ್ಲಿದ್ದಲಿನ ರಾಜ್ಯಗಳಿಗೆ ಉದ್ಯಮ ಹೋಯಿತು. ನಮ್ಮ ಊರಿಗೆ ಕೆಲಸ ಹೋಯಿತು, ಆಕಾಶಕ್ಕೆ ಹೊಗೆ ಹೆಚ್ಚಾಯಿತು. ಎರಡಕ್ಕೂ ನಷ್ಟ.

ಮಾನ್ಯರೇ, ವಿದ್ಯುತ್ ತುಟ್ಟಿಯಾದಾಗ ಭಾರೀ ಉದ್ಯಮ ಕಡಿಮೆ ಇಂಗಾಲದ ಕಡೆಗೆ ಹೋಗುವುದಿಲ್ಲ. ಕಲ್ಲಿದ್ದಲಿಗೆ ಮರಳುತ್ತದೆ, ಇಲ್ಲವೇ ಕಲ್ಲಿದ್ದಲಿರುವ ಕಡೆಗೆ ಗುಳೆ ಹೋಗುತ್ತದೆ. ಈಗಲೂ ಬೆಳಗಾವಿಯಲ್ಲಿ ಕ್ಯೂಪೋಲಾ ಕೆಡವದೆ ಉಳಿಸಿಕೊಂಡ ಮಾಲೀಕರಿದ್ದಾರೆ. ಅವರು ಪ್ರತಿ ತಿಂಗಳು ಕೋಕ್‌ನ ಬೆಲೆಯನ್ನೂ ಯೂನಿಟ್ಟಿನ ಬೆಲೆಯನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡುತ್ತಾರೆ.

2023ರ ಮೇ ತಿಂಗಳಲ್ಲಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರವನ್ನು ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಸಿತು. ಇಂಧನ ಹೊಂದಾಣಿಕೆ ಶುಲ್ಕವೂ ಅದರ ಮೇಲೆ ಬಂದು ಕೂತಿತು. ಜೂನ್ 22ರಂದು ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆಯ ಕರೆಯಂತೆ ಹಲವು ಜಿಲ್ಲೆಗಳಲ್ಲಿ ಉದ್ಯಮಗಳು ಬಾಗಿಲು ಹಾಕಿ ಪ್ರತಿಭಟಿಸಿದವು. ಮುಂದಿನ ವರ್ಷ ಆಯೋಗ ಎಚ್‌ಟಿ (ಹೈ ಟೆನ್ಷನ್) ಕೈಗಾರಿಕಾ ದರವನ್ನು 50 ಪೈಸೆ ಇಳಿಸಿತು. ಅದನ್ನು ಕೃತಜ್ಞತೆಯಿಂದ ನೆನೆಯುತ್ತೇನೆ. ಆದರೆ 2025ರ ಏಪ್ರಿಲ್‌ನಿಂದ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ, ಗ್ರಾಚ್ಯುಟಿಯ ಬಾಬ್ತು ಯೂನಿಟ್‌ಗೆ 36 ಪೈಸೆ ಎಲ್ಲ ಗ್ರಾಹಕರ ಮೇಲೆ ಬಂತು. ಹತ್ತು ವರ್ಷದ ಸಾಲ ತೆಗೆದು ಹೊಸ ಕುಲುಮೆ ಹಾಕಬೇಕಾದವನಿಗೆ ಹೀಗೆ ಪ್ರತಿ ಮಾರ್ಚ್‌ನಲ್ಲಿ ಏನಾಗುತ್ತದೋ ಎಂಬ ಭಯವೇ ದರಕ್ಕಿಂತ ದೊಡ್ಡ ತೊಡಕು. ಅವನಿಗೆ ಬೇಕಾದದ್ದು ಕಡಿಮೆ ದರ ಮಾತ್ರವಲ್ಲ, ಮುಂಚಿತವಾಗಿ ಗೊತ್ತಿರುವ ದರ.

ಹೀಗೆ ದರವನ್ನು ಮುಂಚಿತವಾಗಿ ಗೊತ್ತುಮಾಡುವುದು ಈ ನಾಡಿಗೆ ಹೊಸತಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಮೊದಲು ತಲುಪಿದ್ದು ಬೆಂಗಳೂರಿನ ಬೀದಿ ದೀಪಕ್ಕಲ್ಲ, ಕೋಲಾರದ ಚಿನ್ನದ ಗಣಿಗೆ. ಗಣಿ ಕಂಪನಿಗಳೊಂದಿಗೆ ಮೈಸೂರು ಸರ್ಕಾರ ಲಿಖಿತ ಒಪ್ಪಂದ ಮಾಡಿಕೊಂಡಿತ್ತು. ಒಂದು ಅಶ್ವಶಕ್ತಿಗೆ ಮೊದಲ ವರ್ಷ ಹೆಚ್ಚು ದರ, ಮುಂದಿನ ವರ್ಷಗಳಲ್ಲಿ ಕಡಿಮೆ, ಆಮೇಲೆ ಇನ್ನೂ ಕಡಿಮೆ. ಸರ್ಕಾರಕ್ಕೆ ಹಾಕಿದ ಬಂಡವಾಳ ಬಂತು, ಗಣಿಗೆ ಮುಂದಿನ ದಾರಿ ಕಂಡಿತು. ಬೆಂಗಳೂರಿಗೆ ದೀಪ ಹತ್ತಿದ್ದು 1905ರಲ್ಲಿ. ಉದ್ಯಮಕ್ಕೆ ಕೊಟ್ಟ ಮಾತಿನ ಬಲದ ಮೇಲೆ ನಾಡಿನ ಮನೆಗಳಿಗೆ ಬೆಳಕು ಬಂದ ಕಥೆ ಅದು.

ಈಗ ತಮ್ಮ ಮನಸ್ಸಿನಲ್ಲಿ ಏಳಬಹುದಾದ ಪ್ರಶ್ನೆಗೆ ಬರುತ್ತೇನೆ. ಲಾಭಕ್ಕಾಗಿ ನಡೆಯುವ ಕಾರ್ಖಾನೆಗೆ ಜನರ ದುಡ್ಡು ಯಾಕೆ ಕೊಡಬೇಕು? ಇದು ನ್ಯಾಯವಾದ ಪ್ರಶ್ನೆ. ಗೃಹಜ್ಯೋತಿ ಯೋಜನೆಯ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ತಿನಿಂದ ನನ್ನ ಬೀದಿಯ ಮನೆಗಳಲ್ಲಿ ತಿಂಗಳ ಕೊನೆಯ ಕಷ್ಟ ಕಡಿಮೆಯಾದದ್ದನ್ನು ನೋಡಿದ್ದೇನೆ. ಹತ್ತು ಅಶ್ವಶಕ್ತಿವರೆಗಿನ ಕೃಷಿ ಪಂಪಿಗೆ ಉಚಿತ ವಿದ್ಯುತ್ ಇಲ್ಲದೆ ಒಣಭೂಮಿಯ ರೈತ ಬದುಕುವುದು ಕಷ್ಟ. ಇವೆರಡರ ಮೇಲೆ ಕಣ್ಣು ಹಾಕಿ ಉದ್ಯಮಕ್ಕೆ ಕೊಡಿ ಎಂದು ಕೇಳುವವರ ಜೊತೆ ನಾನಿಲ್ಲ.

ಇನ್ನೂ ಒಂದು ಮಾತು ಹೇಳಲೇಬೇಕು. ಅಗ್ಗದ ವಿದ್ಯುತ್ತಿಗೆ ಯಾವಾಗಲೂ ಯಾರೋ ಒಬ್ಬರು ಬೆಲೆ ತೆತ್ತಿದ್ದಾರೆ. ಶರಾವತಿಗೆ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು, ಆಮೇಲೆ 1964ರ ಲಿಂಗನಮಕ್ಕಿ; ಆ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಜನ ತಮಗೆ ಕೊಟ್ಟ ಜಮೀನಿನ ಹಕ್ಕುಪತ್ರಕ್ಕಾಗಿ ಇವತ್ತಿಗೂ ಶಿವಮೊಗ್ಗದ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ನಿಂತಾಗ ಜಮೀನುಳ್ಳವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಹಣ ಬಂತು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೆ ಗುತ್ತಿಗೆಯ ಪಾಲಿಲ್ಲ. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಮಲೆನಾಡಿನವರು ತೋರಿಸುತ್ತಿರುವ ವಿರೋಧದ ಹಿಂದೆ ಈ ಎಲ್ಲ ನೆನಪಿದೆ. ಆದ್ದರಿಂದ ನಮ್ಮ ಕುಲುಮೆಗೆ ಸಿಗುವ ರಿಯಾಯಿತಿಯ ಲೆಕ್ಕದಲ್ಲಿ ಇಂಥವರ ಕಾಣದ ಪಾಲು ಮತ್ತೆ ಸೇರಬಾರದು. ಹಾಗಾಗಿಯೇ ನಾನು ಷರತ್ತುಗಳನ್ನು ಒತ್ತಿ ಕೇಳುತ್ತಿರುವುದು.

ಹೊರಗಿನವರು ಏನು ಮಾಡಿದ್ದಾರೆಂದು ತಾವು ನೋಡಬಹುದು. ಬ್ರಿಟನ್ 2024ರ ಏಪ್ರಿಲ್‌ನಿಂದ ಅತಿ ಹೆಚ್ಚು ವಿದ್ಯುತ್ ಬಳಸುವ ಉದ್ಯಮಗಳಿಗೆ ನವೀಕರಿಸಬಹುದಾದ ಇಂಧನದ ಲೆವಿಗಳಿಂದ ವಿನಾಯಿತಿ ಕೊಟ್ಟು, ಜಾಲದ ಶುಲ್ಕದ ಶೇ 60ರಷ್ಟನ್ನು ಹಿಂದಿರುಗಿಸತೊಡಗಿತು. ಆ ಪರಿಹಾರದ ಹಣಕ್ಕಾಗಿ ವಿದ್ಯುತ್ ಸರಬರಾಜು ಕಂಪನಿಗಳ ಮೇಲೆ ಇನ್ನೊಂದು ಲೆವಿ ಹಾಕಿತು. ಅದು ಕೊನೆಗೆ ಬೇರೆ ಗ್ರಾಹಕರ ಬಿಲ್ಲಿಗೇ ಬಂದು ಸೇರುತ್ತದೆ. ಇಷ್ಟೆಲ್ಲ ಆದರೂ ಅಲ್ಲಿನ ಪೋರ್ಟ್ ಟಾಲ್ಬಟ್ ಉಕ್ಕಿನ ಕಾರ್ಖಾನೆಯ ಕೊನೆಯ ಬ್ಲಾಸ್ಟ್ ಫರ್ನೇಸ್ 2024ರ ಸೆಪ್ಟೆಂಬರ್ 30ರಂದು ನಂದಿತು, ಅದರ ಬದಲಿಗೆ ಬರುವ ವಿದ್ಯುತ್ ಕುಲುಮೆ ಮೇಲೇಳುವ ಮೊದಲೇ ಸಾವಿರಾರು ಜನರ ಕೆಲಸ ಹೋಯಿತು. ರಿಯಾಯಿತಿ ತಡವಾಗಿ ಬಂದರೆ ಹೀಗಾಗುತ್ತದೆ. ಯುರೋಪಿಯನ್ ಒಕ್ಕೂಟ 2025ರ ಜೂನ್‌ನಲ್ಲಿ ತನ್ನ ಸದಸ್ಯ ದೇಶಗಳಿಗೆ ಹಾಕಿಕೊಟ್ಟ ಚೌಕಟ್ಟು ನನಗೆ ಹೆಚ್ಚು ಹಿಡಿಸಿತು. ಉದ್ಯಮದ ಬಳಕೆಯ ಅರ್ಧಕ್ಕೆ ಮಾತ್ರ ರಿಯಾಯಿತಿ, ಅದೂ ಸಗಟು ಬೆಲೆಯ ಅರ್ಧವನ್ನು ಮೀರುವಂತಿಲ್ಲ, ದರ ಇಂತಿಷ್ಟಕ್ಕಿಂತ ಕೆಳಗೆ ಇಳಿಯುವಂತಿಲ್ಲ, ಮೂರು ವರ್ಷ ಮಾತ್ರ. ಪಡೆದ ನೆರವಿನ ಅರ್ಧದಷ್ಟನ್ನಾದರೂ ಇಂಗಾಲ ತಗ್ಗಿಸುವ ಕೆಲಸಕ್ಕೆ ಹೂಡಲೇಬೇಕು. ಜರ್ಮನಿ ಈ ಚೌಕಟ್ಟಿನೊಳಗೇ ತನ್ನ ಕೈಗಾರಿಕಾ ದರವನ್ನು ರೂಪಿಸಿಕೊಂಡಿದೆ. ಅವರ ಸಂಖ್ಯೆಗಳು ನಮಗೆ ಹೊಂದುವುದಿಲ್ಲ. ಕೊಟ್ಟ ಹಣ ಕುಲುಮೆಯ ಸುಧಾರಣೆಗೆ ಹೋಗಬೇಕು, ಮಾಲೀಕನ ಜೇಬಿನಲ್ಲಿ ಉಳಿಯಬಾರದು ಎಂಬ ಕಟ್ಟುಪಾಡು ಮಾತ್ರ ನಮಗೂ ಬೇಕು.

ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಬಾರದು. ಕೋಕ್ ಬಿಟ್ಟು ವಿದ್ಯುತ್ತಿಗೆ ಬಂದ ಮಾತ್ರಕ್ಕೆ ನಮ್ಮ ಕಬ್ಬಿಣ ಹಸಿರಾಗುವುದಿಲ್ಲ. ದೇಶದ ಜಾಲದ ಒಂದು ಯೂನಿಟ್‌ನ ಹಿಂದೆ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಇದೆ. 600 ಯೂನಿಟ್‌ಗೆ 420 ಕಿಲೋ ಆಯಿತು. ಕ್ಯೂಪೋಲಾದ 120 ಕಿಲೋ ಕೋಕ್ ಸುಟ್ಟರೂ ಸುಮಾರು 360 ಕಿಲೋ. ಕಾರ್ಖಾನೆಯ ಅಂಗಳದ ಹೊಗೆ ರಾಯಚೂರಿನ ಕಲ್ಲಿದ್ದಲು ಸ್ಥಾವರದ ಚಿಮಣಿಗೆ ವರ್ಗವಾಯಿತು, ಅಷ್ಟೇ ಆದರೆ ಜನರ ದುಡ್ಡು ಕೇಳುವ ಹಕ್ಕು ನಮಗಿಲ್ಲ. ಲೆಕ್ಕ ಬದಲಾಗುವುದು ಕುಲುಮೆ ಬಿಸಿಲಿನ ಹೊತ್ತಿಗೆ ಉರಿದಾಗ. ರಾಜ್ಯದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ಗಾಳಿ, ಬಿಸಿಲಿನದು. ಮಧ್ಯಾಹ್ನ ಪಾವಗಡದಿಂದ, ಕಲ್ಯಾಣ ಕರ್ನಾಟಕದ ಬಯಲಿನಿಂದ ವಿದ್ಯುತ್ ಹೇರಳವಾಗಿ ಹರಿಯುತ್ತದೆ, ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಬೆಲೆ ಕುಸಿಯುತ್ತದೆ. ಸಂಜೆ ಏಳಾದರೆ ಅದೇ ಯೂನಿಟ್ 10 ರೂಪಾಯಿಯ ಗರಿಷ್ಠ ಮಿತಿಯನ್ನು ಮುಟ್ಟುವ ದಿನಗಳಿವೆ.

ನಮ್ಮ ಫೌಂಡ್ರಿಗಳ ದಿನಚರಿಯಾದರೋ ಹಳೆಯ ಕಾಲಕ್ಕೆ ಕಟ್ಟಿದ್ದು. ಕಲ್ಲಿದ್ದಲು ಸ್ಥಾವರಗಳ ವಿದ್ಯುತ್ ರಾತ್ರಿ ಉಳಿಯುತ್ತಿದ್ದ ಕಾಲದಲ್ಲಿ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಯೂನಿಟ್‌ಗೆ ಒಂದು ರೂಪಾಯಿ ರಿಯಾಯಿತಿ, ಸಂಜೆ ಆರರಿಂದ ಹತ್ತರವರೆಗೆ ಒಂದು ರೂಪಾಯಿ ಹೆಚ್ಚು ಎಂಬ ಪದ್ಧತಿ ಬಂತು. ಆ ಒಂದು ರೂಪಾಯಿಗಾಗಿ ಒಂದಿಡೀ ತಲೆಮಾರಿನ ಮೆಲ್ಟರ್‌ಗಳು ರಾತ್ರಿ ಪಾಳಿಯಲ್ಲೇ ಬದುಕಿದರು. ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಮನೆಗೆ ಬಂದು, ಮಕ್ಕಳು ಮರಳುವ ಹೊತ್ತಿಗೆ ನಿದ್ದೆಯಲ್ಲಿದ್ದು, ಎದ್ದು ಮತ್ತೆ ಡಬ್ಬಿ ಕಟ್ಟಿಕೊಂಡು ಹೊರಟವರು. 1,450 ಡಿಗ್ರಿಯ ದ್ರವ ಲೋಹವನ್ನು ಲ್ಯಾಡಲ್‌ಗೆ ಬಗ್ಗಿಸುವ ಕೆಲಸವನ್ನು ಬೆಳಗಿನ ಜಾವ ಮೂರು ಗಂಟೆಗೆ, ಕಣ್ಣು ಎಳೆಯುವಾಗ ಮಾಡುವುದೆಂದರೆ ಏನೆಂದು ನನಗೆ ಗೊತ್ತು. ಕಾಲಿನ ಮೇಲೆ ಸುಟ್ಟ ಕಲೆಯಿಲ್ಲದ ಮೆಲ್ಟರ್ ನಮ್ಮಲ್ಲಿ ಕಡಿಮೆ.

ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದು, ದಿನದ ಎಂಟು ಗಂಟೆಗಳ ಸೌರ ಅವಧಿಯಲ್ಲಿ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20ರಷ್ಟು ಕಡಿಮೆಯಿರಬೇಕು ಎಂದಿತು. ಕುಲುಮೆಗಳ ವಿಷಯದಲ್ಲಿ ರಾಜ್ಯ ಇದಕ್ಕಿಂತ ಮುಂದೆ ಹೋಗಲಿ ಎಂಬುದು ನನ್ನ ಮುಖ್ಯ ಕೋರಿಕೆ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಕರಗಿಸುವ ಉದ್ಯಮಕ್ಕೆ ಮನಸ್ಸಿಗೆ ತಟ್ಟುವಷ್ಟು ಕಡಿಮೆ ದರ ಕೊಡಿ. ಬದಲಿಗೆ ಸಂಜೆ ಆರರಿಂದ ಹತ್ತರವರೆಗೆ ಕುಲುಮೆ ಹೊತ್ತಿಸುವುದಿಲ್ಲ ಎಂದು ಬರೆಸಿಕೊಳ್ಳಿ. ಮೀಟರು ಗಂಟೆಗಂಟೆಯ ಲೆಕ್ಕ ಇಡುತ್ತದೆ, ಮೋಸಕ್ಕೆ ಎಡೆಯಿಲ್ಲ. ವಿದ್ಯುತ್ ಕಂಪನಿಗೆ ಸಂಜೆಯ ದುಬಾರಿ ಖರೀದಿ ತಪ್ಪುತ್ತದೆ, ಜಾಲಕ್ಕೆ ಮಧ್ಯಾಹ್ನದ ಗಿರಾಕಿ ಸಿಗುತ್ತಾನೆ, ನಮ್ಮ ಹುಡುಗರು ರಾತ್ರಿ ಮನೆಯಲ್ಲಿ ಮಲಗುತ್ತಾರೆ. ಇಷ್ಟು ಜನರಿಗೆ ಒಟ್ಟಿಗೆ ಒಳಿತಾಗುವ ತೀರ್ಮಾನಗಳು ಆಡಳಿತದಲ್ಲಿ ಹೆಚ್ಚು ಸಿಗುವುದಿಲ್ಲ.

ಯಾರಿಗೆ ಕೊಡಬೇಕು ಎಂಬುದರಲ್ಲಿ ಬಿಗಿಯಾಗಿರಿ. ಬಂಡವಾಳದ ಗಾತ್ರ ನೋಡಿ ಕೊಟ್ಟರೆ ಹಣವೆಲ್ಲ ಸ್ವಂತ ಸ್ಥಾವರವುಳ್ಳ ದೊಡ್ಡವರ ಬಳಿ ಹೋಗುತ್ತದೆ. ಬಳ್ಳಾರಿ ಸೀಮೆಯ ದೊಡ್ಡ ಉಕ್ಕಿನ ಕಾರ್ಖಾನೆಗಳು ತಮ್ಮ ವಿದ್ಯುತ್ತನ್ನು ತಾವೇ ಉತ್ಪಾದಿಸಿಕೊಳ್ಳಬಲ್ಲವು, ಸೌರ ಪಾರ್ಕಿನವರೊಂದಿಗೆ ನೇರ ಒಪ್ಪಂದ ಮಾಡಿಕೊಳ್ಳಬಲ್ಲವು, ಅದಕ್ಕೆ ಬೇಕಾದ ವಕೀಲರನ್ನೂ ಇಟ್ಟುಕೊಳ್ಳಬಲ್ಲವು. ಉದ್ಯಮಬಾಗದ, ಶಿವಮೊಗ್ಗದ ಮಾಚೇನಹಳ್ಳಿಯ ಫೌಂಡ್ರಿಗೆ ಸ್ಥಳೀಯ ಸಬ್‌ಸ್ಟೇಷನ್ ಬಿಟ್ಟರೆ ಬೇರೆ ಗತಿಯಿಲ್ಲ. ಓಪನ್ ಆಕ್ಸೆಸ್‌ನಲ್ಲಿ ಹೊರಗಿನಿಂದ ಕೊಳ್ಳಲು ಹೋದರೆ ವೀಲಿಂಗ್ ಶುಲ್ಕ, ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್, ಹೆಚ್ಚುವರಿ ಸರ್‌ಚಾರ್ಜ್ ಎಲ್ಲ ಸೇರಿ ಅಗ್ಗದ ಸೌರ ವಿದ್ಯುತ್ ಗೇಟಿನ ಬಳಿ ಬರುವಷ್ಟರಲ್ಲಿ ಅಗ್ಗವಾಗಿ ಉಳಿದಿರುವುದಿಲ್ಲ. ಆದ್ದರಿಂದ ಒಂದು ಟನ್ ಉತ್ಪನ್ನಕ್ಕೆ ಎಷ್ಟು ಯೂನಿಟ್, ಅದರಲ್ಲಿ ಸಾರ್ವಜನಿಕ ಜಾಲದಿಂದ ಎಷ್ಟು ಎಂಬ ಎರಡು ಅಳತೆ ಸಾಕು. ಹೊಸ ಘಟಕಗಳಿಗೆ ಕೈಗಾರಿಕಾ ನೀತಿಯಲ್ಲಿ ಸಿಗುವ ವಿದ್ಯುತ್ ತೆರಿಗೆ ವಿನಾಯಿತಿ, ಕ್ಯೂಪೋಲಾ ಕೆಡವಿ ವಿದ್ಯುತ್ ಕುಲುಮೆ ಹಾಕಿದ ಹಳೆಯ ಘಟಕಕ್ಕೂ ಸಿಗಲಿ. ಏಳು ವರ್ಷದ ಅವಧಿ ಇಡಿ. ಮೊದಲ ಮೂರು ವರ್ಷ ಪೂರ್ತಿ, ಆಮೇಲೆ ವರ್ಷ ವರ್ಷ ಕಡಿಮೆಯಾಗುತ್ತ ಎಂಟನೆಯ ವರ್ಷ ಸೊನ್ನೆ. ಎರಡು ವರ್ಷಕ್ಕೊಮ್ಮೆ ಇಂಧನ ಲೆಕ್ಕಪರಿಶೋಧನೆ ಆಗಲಿ. ಟನ್ನಿಗೆ 700 ಯೂನಿಟ್ ತಿನ್ನುತ್ತಿದ್ದ ಕುಲುಮೆ 580ಕ್ಕೆ ಇಳಿಯಲಿಲ್ಲವೆಂದರೆ ರಿಯಾಯಿತಿ ನಿಲ್ಲಿಸಿ. ಇದು ಆಗದ ಮಾತಲ್ಲ. ಕುಲುಮೆಗೆ ಮುಚ್ಚಳ ಹಾಕಿ ಕರಗಿಸುವುದು, ಸ್ಕ್ರ್ಯಾಪ್ ಮೊದಲೇ ತೂಗಿ ಸಿದ್ಧವಿಡುವುದು, ಮೋಲ್ಡಿಂಗ್‌ನವರು ತಯಾರಾಗುವ ತನಕ ಲೋಹವನ್ನು ಸುಮ್ಮನೆ ಕಾಯಿಸುತ್ತ ಇಡದಿರುವುದು, ಇಷ್ಟರಲ್ಲೇ ದೊಡ್ಡ ಉಳಿತಾಯವಿದೆ. ಉಳಿದದ್ದಕ್ಕೆ ಹೊಸ ಪವರ್ ಪ್ಯಾನೆಲ್ ಬೇಕು, ಅದಕ್ಕೆ ರಿಯಾಯಿತಿಯ ಹಣವೇ ಆಗುತ್ತದೆ.

ದರದಷ್ಟೇ ಮುಖ್ಯವಾದದ್ದು ವಿದ್ಯುತ್ತಿನ ಸ್ಥಿರತೆ. ನಾನು ದುಡಿದ ಒಂದು ಕಾರ್ಖಾನೆಯಲ್ಲಿ ಒಂದು ಸಲದ ಕರಗಿಸುವಿಕೆ (ಹೀಟ್) ಪೂರ್ತಿಯಾಗುವ ಹೊತ್ತಿಗೆ ಲೈನ್ ಹೋಗಿ, ಬಹಳ ಹೊತ್ತು ಬರದೆ, ಕುಲುಮೆಯೊಳಗೇ ಲೋಹ ಗಟ್ಟಿಯಾಗಿತ್ತು. ಗ್ಯಾಸ್ ಕಟ್ಟರ್‌ನಿಂದ ಕತ್ತರಿಸಿ ತೆಗೆಯಬೇಕಾಯಿತು. ಲೈನಿಂಗ್ ಒಡೆದು ಹೋಯಿತು, ಆ ಪಾಳಿಯ ಕೂಲಿ ಹೋಯಿತು, ಗ್ರಾಹಕನಿಗೆ ಕೊಟ್ಟ ಗಡುವೂ ಹೋಯಿತು. ಯೂನಿಟ್‌ಗೆ ಐವತ್ತು ಪೈಸೆ ಇಳಿಸಿ ತಿಂಗಳಿಗೆ ನಾಲ್ಕು ಸಲ ಹೀಗಾದರೆ ಇಳಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಕುಲುಮೆಗಳಿರುವ ಕೈಗಾರಿಕಾ ಪ್ರದೇಶಗಳಿಗೆ ಪ್ರತ್ಯೇಕ ಫೀಡರ್, ಮುನ್ಸೂಚನೆಯಿಲ್ಲದ ಕಡಿತಕ್ಕೆ ಪರಿಹಾರ, ಇವೂ ಅದೇ ಆದೇಶದಲ್ಲಿರಲಿ.

ಇನ್ನು ಖರ್ಚು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೆಯ ಸೆಕ್ಷನ್ ಸ್ಪಷ್ಟವಾಗಿದೆ: ಯಾವುದೇ ವರ್ಗದ ಗ್ರಾಹಕರಿಗೆ ಸರ್ಕಾರ ಸಬ್ಸಿಡಿ ಕೊಡುವುದಾದರೆ ಹಣವನ್ನು ಮುಂಗಡವಾಗಿ ಕಟ್ಟಬೇಕು. ಈ ರಿಯಾಯಿತಿಗೂ ಹಾಗೆಯೇ ಆಗಲಿ. ಕೈಗಾರಿಕೆಗಳ ಬಿಲ್ಲಿನ ಮೇಲೆ ಸರ್ಕಾರ ವಸೂಲಿ ಮಾಡುವ ವಿದ್ಯುತ್ ತೆರಿಗೆಯಿಂದಲೇ ಒಂದು ಪಾಲನ್ನು ಇದಕ್ಕೆ ತೆಗೆದಿಡಿ. ಉದ್ಯಮದಿಂದ ಬಂದದ್ದು ಉದ್ಯಮದ ಪರಿವರ್ತನೆಗೆ ಹೋಗುತ್ತದೆ. ಬಜೆಟ್ಟಿನಲ್ಲಿ ಅದಕ್ಕೊಂದು ಪ್ರತ್ಯೇಕ ಲೆಕ್ಕ ಶೀರ್ಷಿಕೆ ಇರಲಿ. ಯಾವ ಕಾರ್ಖಾನೆ ಎಷ್ಟು ಪಡೆಯಿತು, ಎಷ್ಟು ಯೂನಿಟ್ ಉಳಿಸಿತು, ಎಷ್ಟು ಜನರಿಗೆ ಕೆಲಸ ಉಳಿಯಿತು ಎಂಬ ಪಟ್ಟಿಯನ್ನು ಪ್ರತಿ ವರ್ಷ ಸದನದ ಮುಂದಿಡಿ. ಪಟ್ಟಿ ಕನ್ನಡದಲ್ಲಿರಲಿ, ಫೌಂಡ್ರಿಯ ಗೇಟಿನಲ್ಲಿ ನಿಂತ ಕೆಲಸಗಾರನೂ ಓದುವಂತಿರಲಿ. ಮಾಲೀಕ ರಿಯಾಯಿತಿ ಪಡೆದು ಕೂಲಿ ಕಡಿಮೆ ಮಾಡಿದರೆ ಆ ಕೆಲಸಗಾರನಿಗೆ ಅದು ಮೊದಲು ಗೊತ್ತಾಗಬೇಕು.

ತಡ ಮಾಡಲು ಕಾಲವಿಲ್ಲ. ಯುರೋಪಿಯನ್ ಒಕ್ಕೂಟದ ಇಂಗಾಲದ ಗಡಿ ಸುಂಕ 2023ರ ಅಕ್ಟೋಬರ್‌ನಲ್ಲಿ ವರದಿ ಕೇಳುವುದರಿಂದ ಶುರುವಾಗಿ, 2026ರ ಜನವರಿಯಿಂದ ಹಣ ತೆರಬೇಕಾದ ಹಂತಕ್ಕೆ ಬಂದಿದೆ. ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ ಅದರೊಳಗಿವೆ. ನಮ್ಮ ಎಲ್ಲ ಎರಕದ ಭಾಗಗಳೂ ಇವತ್ತಿನ ಪಟ್ಟಿಯಲ್ಲಿಲ್ಲ, ಆದರೆ ಪಟ್ಟಿಯನ್ನು ಹಿಗ್ಗಿಸುವ ಪ್ರಸ್ತಾವ ಅಲ್ಲಿ ನಡೆದಿದೆ. ಬ್ರಿಟನ್ 2027ರಿಂದ ತನ್ನದೇ ಸುಂಕ ತರುವುದಾಗಿ ಹೇಳಿದೆ. ಕೋಕ್ ಕುಲುಮೆಯ ಮಾಲು ಆ ಬಂದರುಗಳಲ್ಲಿ ನಿಲ್ಲುವ ದಿನ ಬಂದಾಗ ಕುಲುಮೆ ಬದಲಿಸಲು ಹೊರಟರೆ ಆರ್ಡರು ಕಾಯುವುದಿಲ್ಲ.

ತಮ್ಮಲ್ಲಿ ಯಾರಾದರೂ ಒಬ್ಬರು, ಯಾವ ಪಕ್ಷದವರಾದರೂ ಸರಿ, ಮುಂದಿನ ಅಧಿವೇಶನದ ಪ್ರಶ್ನೋತ್ತರ ವೇಳೆಯಲ್ಲಿ ಇಂಧನ ಸಚಿವರನ್ನು ಇಷ್ಟು ಕೇಳಿ: ರಾಜ್ಯದಲ್ಲಿ ಎಷ್ಟು ಫೌಂಡ್ರಿಗಳು ಇನ್ನೂ ಕೋಕ್ ಉರಿಸುತ್ತಿವೆ? ವಿದ್ಯುತ್ ಕುಲುಮೆಗಳಲ್ಲಿ ಎಷ್ಟು ರಾತ್ರಿ ಉರಿಯುತ್ತವೆ, ಎಷ್ಟು ಹಗಲು? ಅವುಗಳನ್ನು ಹಗಲಿಗೆ ತರಲು ವರ್ಷಕ್ಕೆ ಎಷ್ಟು ಹಣ ಬೇಕು, ಸಂಜೆಯ ಖರೀದಿಯಲ್ಲಿ ಎಷ್ಟು ಉಳಿಯುತ್ತದೆ? ಉತ್ತರ ಲಿಖಿತವಾಗಿ ಸದನದ ದಾಖಲೆಗೆ ಸೇರಲಿ. ಅದನ್ನು ಹಿಡಿದುಕೊಂಡು ಆಯೋಗದ ದರ ವಿಚಾರಣೆಗೆ ನಾವು ಕಾರ್ಮಿಕರೂ ಮಾಲೀಕರೂ ಒಟ್ಟಿಗೆ ಬರುತ್ತೇವೆ.



ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮೆಲ್ಟಿಂಗ್ ಸೂಪರ್‌ವೈಸರ್
ಬೆಳಗಾವಿ